ನೀನ್ಯಾಕಮ್ಮ ಬಗ್ತೀಯಾ?

ಹಾಲು ಕುಡಿಸೋದು ತಾನಾಗಿಯೇ ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಸಿಸೇರಿಯನ್ ಆಗಿತ್ತು, ಹೊಟ್ಟೆಯಲ್ಲಿ ಹೊಲಿಗೆ, ಕೈಯಲ್ಲಿ ಡ್ರಿಪ್ ಸೂಜಿ, ಪಕ್ಕದಲ್ಲಿ 2 ಕೆಜಿ 800 ಗ್ರಾಂ ತೂಕದ ಮಗಳು. "ಚಕ್ಕಂಬಕ್ಕಲ ಹಾಕಿ ಕೂತ್ಕೊ, ತೊಡೆ ಮೇಲೆ ಮಲಗಿಸ್ಕೊಂಡು ಕುಡಿಸು, ನಿಮ್ಮಿಬ್ಬರಿಗೂ ನಾನು ಹಂಗೇ ಕುಡಿಸಿದ್ದು" ಅಂದರು ಅಮ್ಮ. ಅಮ್ಮನಿಗೆ ಎರಡೂ ನಾರ್ಮಲ್ ಹೆರಿಗೆ. ನನಗೋ ಮಗು ಕಾಲು ಝಾಡಿಸಿದರೆ ನೇರ ಹೊಲಿಗೆಗೇ ಬೀಳುತ್ತಿತ್ತು.

ಎರಡನೇ ದಿನಕ್ಕೆ ತೊಟ್ಟು ಬಿರುಕು ಬಿಟ್ಟಿತ್ತು. ಮಗು ಬಾಯಿ ಹಾಕುವ ಮುಂಚೆಯೇ ನಾನು ಹಲ್ಲು ಕಚ್ಚಿ ಹಿಡಿಯುತ್ತಿದ್ದೆ. ರಾತ್ರಿ ಪಾಳಿಗೆ ಬಂದ ವಯಸ್ಸಾದ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೇಳಿದರು, "ನೀನ್ಯಾಕಮ್ಮ ಬಗ್ತೀಯಾ? ಮಗುನ ಮೇಲಕ್ಕೆ ತಗೋ."

ನಿಜ, ನಾನು ಬೆನ್ನು ಬಗ್ಗಿಸಿ ಮೊಲೆಯನ್ನು ಮಗುವಿನ ಬಾಯಿಗೆ ತುರುಕುತ್ತಿದ್ದೆ. ಅವರು ನನ್ನ ಬೆನ್ನಿಗೊಂದು ದಿಂಬು ಕೊಟ್ಟರು, ಪಕ್ಕದಲ್ಲಿ ಇನ್ನೆರಡು ಜೋಡಿಸಿದರು. ಮಗುವನ್ನು ನನ್ನ ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಹೋಗುವ ಹಾಗೆ ಮಲಗಿಸಿದರು. ರಶ್ಶಿರುವ ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗ್ ಅವುಚಿಕೊಳ್ತೀವಲ್ವಾ, ಹಾಗೆ. ಹೊಲಿಗೆಯ ಮೇಲೆ ಒಂದು ಚೂರೂ ಭಾರ ಇಲ್ಲ, ಮಗುವಿನ ಮುಖವೂ ಪೂರ್ತಿ ಕಾಣುತ್ತೆ.

ಬಾಯಿಗೆ ಹಿಡಿಸೋದನ್ನೂ ಅವರೇ ಕಲಿಸಿದರು. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಬೇಕು. ತಲೆಯ ಹಿಂಭಾಗ ಒತ್ತಬಾರದು, ಕತ್ತು ಮತ್ತು ಭುಜ ಹಿಡಿಯಬೇಕು. ತೊಟ್ಟಿನಿಂದ ಮೇಲ್ತುಟಿ ಸವರಿ ಕಾಯಬೇಕು, ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯೋವರೆಗೆ, ಈ ಕಾಯೋದೇ ಕಷ್ಟ, ಅರ್ಧ ತೆರೆದ ಕೂಡಲೇ ನಾನು ತುರುಕಿಬಿಡುತ್ತಿದ್ದೆ. ತೆರೆದ ತಕ್ಷಣ ಗದ್ದ ಮೊದಲು ತಾಗುವಂತೆ ಮಗುವನ್ನು ಹತ್ತಿರ ಎಳೆದುಕೊಳ್ಳಬೇಕು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಅದೂ ಕೆಳಗಿನದು ಜಾಸ್ತಿ. ಕೆಳತುಟಿ ಹೊರಗೆ ಮಡಚಿಕೊಂಡಿರಬೇಕು. ಹಿಡಿತ ತಪ್ಪಿ ನೋಯ್ತಾನೇ ಇದ್ದರೆ ಎಳೆದು ಬಿಡಿಸಬೇಡಿ. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿದರೆ ಗಾಳಿ ಒಳಗೆ ಹೋಗಿ ತಾನೇ ಬಿಡುತ್ತೆ.

ಮೊದಲ ಸಲ ಸರಿಯಾಗಿ ಹಿಡಿದಾಗ ಚಪ್ಪರಿಸುವ ಸದ್ದು ನಿಂತುಹೋಯಿತು. ಎರಡು ಮೂರು ಸಲ ಚೀಪೋದು, ಒಂದು ಸಣ್ಣ 'ಕ' ಅನ್ನುವ ಗುಟುಕು. ಆ ಗುಟುಕು ಕೇಳಿ ನಾನು ಅತ್ತೆ.

ಮನೆಗೆ ಬಂದ ಮೇಲೆ ಅಮ್ಮನ ಭಂಗಿ ನನಗೂ ಒಗ್ಗಿತು, ಆದರೆ ಮೂರು ವಾರ ಬಿಟ್ಟು, ಗೋಡೆಗೆ ಒರಗಿ, ತೊಡೆ ಮೇಲೆ ಮಡಚಿದ ಕಂಬಳಿ ಇಟ್ಟುಕೊಂಡು. ರಾತ್ರಿ ಮಾತ್ರ ಪಕ್ಕಕ್ಕೆ ಮಲಗಿಯೇ ಕುಡಿಸುತ್ತಿದ್ದೆ. ದಿನಕ್ಕೆ 8ರಿಂದ 12 ಸಲ ಕುಡಿಯುವ ಕೂಸು ಅದು, ಪ್ರತಿ ಸಲ ಎದ್ದು ಕೂರಲು ಯಾರಿಂದ ಆಗುತ್ತೆ ಹೇಳಿ? ಮಗುವೂ ಪೂರ್ತಿ ಪಕ್ಕಕ್ಕೆ ತಿರುಗಿ, ಹೊಟ್ಟೆಗೆ ಹೊಟ್ಟೆ ತಾಗಿರಬೇಕು. ಬರೀ ಕತ್ತು ತಿರುಗಿಸಿದರೆ ನುಂಗೋಕೆ ಕಷ್ಟ, ನೀವೇ ಕತ್ತು ತಿರುಗಿಸಿಕೊಂಡು ನೀರು ಕುಡಿದು ನೋಡಿ. ಮಗುವಿನ ಬೆನ್ನಿಗೆ ಸುತ್ತಿದ ಟವೆಲ್ ಇಡುತ್ತಿದ್ದೆ, ಕುಡಿದಾದ ಮೇಲೆ ತೆಗೆದು, ಮಗುವನ್ನು ಅಂಗಾತ ಮಲಗಿಸಿಯೇ ಕಣ್ಣು ಮುಚ್ಚುತ್ತಿದ್ದೆ. ಸೋಫಾದಲ್ಲಿ ಕುಡಿಸುತ್ತಾ ನಿದ್ದೆ ಹೋಗೋದು ಮಾತ್ರ ಬೇಡವೇ ಬೇಡ, ಅದು ಮಗುವಿನ ಜೀವಕ್ಕೇ ಅಪಾಯ.

ಇನ್ನೊಂದು, ಅಳುವವರೆಗೆ ಕಾಯಬೇಡಿ. ಕೈ ಬಾಯಿಗೆ ಹಾಕಿ ತಲೆ ಆಚೀಚೆ ತಿರುಗಿಸಲು ಶುರು ಮಾಡಿತು ಅಂದರೆ ಹಸಿದಿದೆ ಅಂತಲೇ. ಕಿರುಚಿ ಕೆಂಪಾದ ಮೇಲೆ ಯಾವ ಭಂಗಿಯಲ್ಲೂ ಹಿಡಿಯೋದಿಲ್ಲ.

ಈಗ ಮಗಳಿಗೆ ಏಳು ತಿಂಗಳು. ರಾಗಿ ಸರಿ ತಿಂದು ಬಂದು ಹಾಲಿಗೂ ಹಾಜರ್. ಭಂಗಿಯ ಮಾತೇ ಇಲ್ಲ, ತೊಟ್ಟು ಬಾಯಲ್ಲಿ ಇಟ್ಟುಕೊಂಡೇ ಫ್ಯಾನ್ ನೋಡಲು ತಿರುಗುತ್ತಾಳೆ.