ಮೊಡವೆಗೆ ಊಟ ಕಾರಣವೇ? ನೀವೇ ಪರೀಕ್ಷಿಸುವ ಬಗೆ

ರಾತ್ರಿ ಚಾಕೊಲೇಟ್ ತಿಂದು ಬೆಳಿಗ್ಗೆ ಕೆನ್ನೆಯ ಮೇಲೆ ಮೊಡವೆ ಕಂಡರೆ ಬೈಗುಳವೆಲ್ಲ ಚಾಕೊಲೇಟಿಗೆ. ಆದರೆ ಆ ಮೊಡವೆ ಹುಟ್ಟಿದ್ದು ನಿನ್ನೆಯಲ್ಲ. ಜಿಡ್ಡು ಮತ್ತು ಸತ್ತ ಜೀವಕೋಶಗಳು ಕೂದಲ ಬುಡದ ರಂಧ್ರದಲ್ಲಿ ಬಿರಡೆಯಂತೆ ಕಟ್ಟಿಕೊಂಡು, ಕಣ್ಣಿಗೆ ಕಾಣುವ ಗುಳ್ಳೆಯಾಗಲು ಹಲವು ವಾರ ಬೇಕು. ಹಾಗಾಗಿ ನಿನ್ನೆಯ ಊಟ ನೆನಪಿಸಿಕೊಂಡು ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದೇ ಆಹಾರವನ್ನು ಹಿಡಿದು, ವಾರಗಟ್ಟಲೆ ಗಮನಿಸಬೇಕು.

ಯಾವುದನ್ನು ಅನುಮಾನಿಸಬೇಕು?

ಹೆಚ್ಚು ಪುರಾವೆ ಇರುವುದು ಸಕ್ಕರೆ ಮತ್ತು ಬೇಗ ಜೀರ್ಣವಾಗುವ ಪಿಷ್ಟದ ವಿರುದ್ಧ. ರಕ್ತದಲ್ಲಿ ಸಕ್ಕರೆ ತಟ್ಟನೆ ಏರಿದರೆ ಇನ್ಸುಲಿನ್ ಏರುತ್ತದೆ, ಅದರ ಬೆನ್ನಿಗೆ ಐಜಿಎಫ್-1 ಎಂಬ ಹಾರ್ಮೋನಿನ ಚಟುವಟಿಕೆಯೂ ಹೆಚ್ಚುತ್ತದೆ. ಎಣ್ಣೆ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸಲು ಇವು ಕುಮ್ಮಕ್ಕು ಕೊಡುತ್ತವೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 15ರಿಂದ 25 ವರ್ಷದ 43 ಯುವಕರನ್ನು 12 ವಾರ ಗಮನಿಸಲಾಯಿತು. ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ತಿಂದವರಲ್ಲಿ ಮೊಡವೆ ಹೆಚ್ಚು ಇಳಿಯಿತು. ಅವರ ತೂಕವೂ ಇಳಿದಿತ್ತು, ಆದ್ದರಿಂದ ಶ್ರೇಯವನ್ನೆಲ್ಲ ಆಹಾರಕ್ಕೇ ಕೊಡಲಾಗದು.

ಹಾಲಿನ ವಿಷಯದಲ್ಲಿ ಸಿಕ್ಕಿರುವುದು ಸಂಬಂಧ ಮಾತ್ರ, ಕಾರಣವೆಂದು ಸಾಬೀತಾಗಿಲ್ಲ. ಕೆನೆ ತೆಗೆದ ಹಾಲಿನಲ್ಲೂ ಈ ಸಂಬಂಧ ಕಂಡಿದೆ, ಅಂದರೆ ಕೊಬ್ಬನ್ನಷ್ಟೇ ದೂರುವಂತಿಲ್ಲ. ಜಿಮ್‌ಗೆ ಹೋಗುವವರು ಬಳಸುವ, ಹಾಲಿನಿಂದಲೇ ತೆಗೆದ ವೇ ಪ್ರೋಟೀನ್ ಪುಡಿಯ ಮೇಲೂ ಕಣ್ಣಿಡಿ. ಚಾಕೊಲೇಟ್ ನಿರಪರಾಧಿ ಎಂದ 1969ರ ಅಮೆರಿಕದ ಅಧ್ಯಯನದಲ್ಲಿ ಹೋಲಿಕೆಗೆ ಕೊಟ್ಟ ನಕಲಿ ಬಾರ್‌ನಲ್ಲೂ ಸಕ್ಕರೆ, ಕೊಬ್ಬು ಸಾಕಷ್ಟಿದ್ದವು. ಅಂಥ ಬಿಡುಗಡೆಗೆ ಹೆಚ್ಚು ಬೆಲೆಯಿಲ್ಲ. ಇನ್ನು ಕರಿದ ತಿಂಡಿಯ ಎಣ್ಣೆ ನೇರವಾಗಿ ಮುಖದಲ್ಲಿ ಒಸರುತ್ತದೆ ಎಂಬುದು ಬರೀ ನಂಬಿಕೆ.

ಹಂತ 1: ಎರಡು ವಾರ ಬರೀ ಲೆಕ್ಕ

ಏನನ್ನೂ ಬಿಡಬೇಡಿ. ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿಗೆ, ಮೇಕಪ್ ಇಲ್ಲದೆ ಮುಖದ ಮುಂಭಾಗ ಮತ್ತು ಎರಡೂ ಕೆನ್ನೆಗಳ ಫೋಟೊ ತೆಗೆಯಿರಿ. ಬ್ಲ್ಯಾಕ್‌ಹೆಡ್-ವೈಟ್‌ಹೆಡ್‌ಗಳನ್ನು ಒಂದು ಕಡೆ, ಕೆಂಪು ಅಥವಾ ಕೀವಿನ ಗುಳ್ಳೆಗಳನ್ನು ಇನ್ನೊಂದು ಕಡೆ ಎಣಿಸಿ ಬರೆಯಿರಿ. ಹಳೆಯ ಕಲೆಗಳನ್ನು ಎಣಿಸಬೇಡಿ. ಪರೀಕ್ಷೆ ಮುಗಿಯುವವರೆಗೆ ಫೇಸ್‌ವಾಶ್, ಕ್ರೀಮ್, ತಲೆಗೆ ಹಚ್ಚುವ ಎಣ್ಣೆ ಬದಲಾಗಬಾರದು.

ಹಂತ 2: ಒಂದನ್ನು ಆರಿಸಿ

ಸಿಹಿ ಪಾನೀಯಗಳಿಂದ ಶುರು ಮಾಡುವುದು ಒಳ್ಳೆಯದು. ಬಿಟ್ಟರೆ ನಷ್ಟವೇನಿಲ್ಲ. ಹಣ್ಣಿನ ರಸವೂ ಈ ಗುಂಪಿಗೇ ಸೇರುತ್ತದೆ.

ಪಿಷ್ಟವನ್ನು ಪರೀಕ್ಷಿಸುವುದಾದರೆ ಗ್ಲೈಸೆಮಿಕ್ ಸೂಚ್ಯಂಕದ, ಅಂದರೆ ಆಹಾರವು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆಂಬ ಅಳತೆಯ, ಜೊತೆ ತಿನ್ನುವ ಪ್ರಮಾಣವನ್ನೂ ನೋಡಬೇಕು. ಸೂಚ್ಯಂಕವನ್ನು ಕಾರ್ಬೋಹೈಡ್ರೇಟಿನ ಗ್ರಾಂಗಳಿಂದ ಗುಣಿಸಿ 100ರಿಂದ ಭಾಗಿಸಿದರೆ ಗ್ಲೈಸೆಮಿಕ್ ಹೊರೆ ಸಿಗುತ್ತದೆ. ಬಿಳಿ ಬ್ರೆಡ್ಡಿನ ಸೂಚ್ಯಂಕ ಸುಮಾರು 75. ಅದರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ತಿಂದರೆ ಹೊರೆ 22ಕ್ಕೂ ಹೆಚ್ಚು. ಅಷ್ಟೇ ಕಾರ್ಬೋಹೈಡ್ರೇಟ್ ಕಡಲೆಕಾಳಿನಿಂದ ಬಂದರೆ ಸುಮಾರು 9. ಒಂದು ಸಲದ ಆಹಾರಕ್ಕೆ 20 ಮತ್ತು ಮೇಲ್ಪಟ್ಟದ್ದು ಹೆಚ್ಚು, 10 ಮತ್ತು ಒಳಗಿನದು ಕಡಿಮೆ.

ಹಂತ 3: ಹನ್ನೆರಡು ವಾರ ಬಿಡಿ

ಮೊದಲ ನಾಲ್ಕು ವಾರ ತೀರ್ಪು ಕೊಡಬೇಡಿ. ಆಗ ಹೊರಬರುವುದು ಹೆಚ್ಚಾಗಿ ಮೊದಲೇ ಒಳಗೆ ಕಟ್ಟಿಕೊಂಡಿದ್ದ ಮೊಡವೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅನೇಕರಿಗೆ ಮೊಡವೆ ಏರುತ್ತದೆ. ಅಂಥವರು ಒಂದು ಚಕ್ರದ ವಾರವನ್ನು ಮುಂದಿನ ಚಕ್ರದ ಅದೇ ವಾರದೊಂದಿಗೆ ಹೋಲಿಸಬೇಕು.

ಹಂತ 4: ಮತ್ತೆ ತಿನ್ನಿ

ಬಹುತೇಕರು ಇದನ್ನು ಮಾಡುವುದೇ ಇಲ್ಲ. ಮೊಡವೆ ತಾನಾಗಿಯೂ ಏರಿಳಿಯುವುದರಿಂದ, ಇಳಿಯಿತು ಎಂಬುದೊಂದೇ ಸಾಕ್ಷಿಯಲ್ಲ. ಆಹಾರವನ್ನು ಹಿಂದಿನ ಪ್ರಮಾಣದಲ್ಲೇ ಆರರಿಂದ ಎಂಟು ವಾರ ತಿನ್ನಿ. ಗುಳ್ಳೆಗಳು ಮತ್ತೆ ಏರಿದರೆ ಅನುಮಾನ ಗಟ್ಟಿ. ಏರದಿದ್ದರೆ ಆ ಆಹಾರವನ್ನು ನಿಶ್ಚಿಂತೆಯಿಂದ ತಿಂದು, ಮುಂದಿನದನ್ನು ಪರೀಕ್ಷಿಸಿ.

ಎಲ್ಲಿ ಕೆಡುತ್ತದೆ?

ಹಾಲು, ಸಕ್ಕರೆ, ಬ್ರೆಡ್ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಫಲ ಬಂತೆಂದು ತಿಳಿಯದು. ಹಾಲಿನ ಬದಲು ಸಕ್ಕರೆ ಬೆರೆಸಿದ ಸಸ್ಯಜನ್ಯ ಪಾನೀಯ ಕುಡಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಂತೆ. ಸಕ್ಕರೆ ಇಲ್ಲದ, ಕ್ಯಾಲ್ಸಿಯಂ ಸೇರಿಸಿದ್ದನ್ನೇ ಆರಿಸಿ. ವಯಸ್ಕರಿಗೆ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹೆಚ್ಚು ಪ್ರಮಾಣದ ಬಿ12 ಮಾತ್ರೆ ಕೆಲವರಲ್ಲಿ ಮೊಡವೆ ಎಬ್ಬಿಸುತ್ತದೆ, ಅದನ್ನೂ ಪಟ್ಟಿಯಲ್ಲಿ ಬರೆದಿಡಿ. ಆದರೆ ವೈದ್ಯರು ಬರೆದುಕೊಟ್ಟದ್ದನ್ನು ನೀವಾಗಿ ನಿಲ್ಲಿಸಬೇಡಿ. ಊಟದ ಬಗ್ಗೆ ಅತಿಯಾದ ಭಯ ಇರುವವರು ಮತ್ತು ಬೆಳೆಯುವ ಮಕ್ಕಳು ವೈದ್ಯರನ್ನು ಕೇಳದೆ ಯಾವ ಆಹಾರವನ್ನೂ ಬಿಡಬಾರದು.

ಔಷಧಿಯ ಜಾಗಕ್ಕೆ ಆಹಾರ ಬರುವುದಿಲ್ಲ. ಸೌಮ್ಯ ಮೊಡವೆಗೆ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ರಾತ್ರಿ ಹಚ್ಚುವ 0.1 ಶೇಕಡಾ ಅಡಾಪಲೀನ್ ಬಳಕೆಯಲ್ಲಿವೆ. ಇವುಗಳಿಗೂ 8ರಿಂದ 12 ವಾರ ಬೇಕು. ಗರ್ಭಿಣಿಯರು ಅಡಾಪಲೀನ್ ಹಚ್ಚಬಾರದು. ಮುಟ್ಟಿದರೆ ನೋಯುವ ಆಳದ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ ಆಹಾರದ ಪರೀಕ್ಷೆಯಲ್ಲಿ ತಿಂಗಳು ಕಳೆಯದೆ ಚರ್ಮ ವೈದ್ಯರನ್ನು ಕಾಣಿ. ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲೂ ಬೆಳೆಯುತ್ತಿದ್ದರೆ ಹಾರ್ಮೋನ್ ಪರೀಕ್ಷೆ ಮಾಡಿಸಿಕೊಳ್ಳಿ.