ಕಟ್ಟಿ ನೋಡಿ, ಆಮೇಲೆ ಕಳಿಸಿ: ಡಾಕ್ಯುಮೆಂಟೇಶನ್ ತಾಣ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ

ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ಕಾಲೇಜು ಮಕ್ಕಳು ಓಪನ್ ಸೋರ್ಸ್‌ಗೆ ಕೈ ಹಾಕಬೇಕು ಅಂದಾಗ ಮೊದಲು ಹುಡುಕುವುದು ಕೋಡ್‌ನಲ್ಲಿರುವ ಬಗ್‌ಗಳನ್ನು. ನನ್ನನ್ನು ಕೇಳಿದರೆ ಡಾಕ್ಯುಮೆಂಟೇಶನ್‌ನಿಂದ, ಅಂದರೆ ತಂತ್ರಾಂಶ ಬಳಸುವುದು ಹೇಗೆ ಎಂದು ಹೇಳುವ ಕೈಪಿಡಿಯಿಂದ, ಶುರು ಮಾಡುವುದೇ ಒಳ್ಳೆಯದು. ತಪ್ಪು ಸ್ಪೆಲ್ಲಿಂಗ್, ಓಡದ ಉದಾಹರಣೆ, ಸತ್ತ ಲಿಂಕ್ ಎಲ್ಲ ಹೊಸಬರ ಕಣ್ಣಿಗೇ ಬೇಗ ಬೀಳುತ್ತವೆ. ಆದರೆ ತಿದ್ದಿದ್ದನ್ನು ಹಾಗೆಯೇ ಕಳಿಸಬೇಡಿ. 1843ರಲ್ಲೇ ‘ಮಂಗಳೂರ ಸಮಾಚಾರ’ ಅಚ್ಚಾದ ಊರು ನಮ್ಮದು. ಪ್ರೂಫ್ ನೋಡದೆ ಪುಟ ಬಿಡಬಾರದು ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ತಾಣವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಕಟ್ಟಿ ನೋಡುವುದೂ ಅದೇ ಪ್ರೂಫ್.

ಇನ್ನೊಂದು ಲಾಭವೂ ಇದೆ. ಹೀಗೆ ಕಟ್ಟಿದ ತಾಣಕ್ಕೆ ನೆಟ್ ಬೇಡ. ಜುಲೈ ಮಳೆಗೆ ಸಂಪರ್ಕ ಹೋದರೂ, ಚಾರ್ಮಾಡಿ ಘಾಟಿಯಲ್ಲಿ ಸಿಗ್ನಲ್ ಸಿಗದಿದ್ದರೂ ಓದು ನಿಲ್ಲುವುದಿಲ್ಲ.

ಉದಾಹರಣೆಗೆ ಪೈಥಾನ್ ಭಾಷೆಯ ಡಾಕ್ಯುಮೆಂಟೇಶನ್ ತೆಗೆದುಕೊಳ್ಳೋಣ. ಅದು ನಿಂತಿರುವುದು ಸಾದಾ ಪಠ್ಯದ ಫೈಲ್‌ಗಳಿಂದ ವೆಬ್ ಪುಟ ಕಟ್ಟುವ ಸ್ಫಿಂಕ್ಸ್ ಎಂಬ ಸಾಧನದ ಮೇಲೆ. ಪೈಥಾನ್ ಡಾಕ್ಯುಮೆಂಟೇಶನ್‌ಗಾಗಿಯೇ ಗೇಯಾರ್ಗ್ ಬ್ರಾಂಡ್ಲ್ ಬರೆದ ಸ್ಫಿಂಕ್ಸ್ 2008ರಲ್ಲಿ ಹೊರಬಂತು. ಇಂದು ಜ್ಯಾಂಗೊ, ಲಿನಕ್ಸ್ ಕರ್ನೆಲ್‌ನಂಥ ದೊಡ್ಡ ಯೋಜನೆಗಳೂ ಅದನ್ನೇ ಬಳಸುತ್ತವೆ. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಮೊದಲು ಸಾಮಾನು

ಬೇಕಾದದ್ದು ಗಿಟ್ (ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಸಾಧನ), ಪೈಥಾನ್ ಮತ್ತು ಮೇಕ್ (ಕಟ್ಟುವ ಕಮಾಂಡ್‌ಗಳನ್ನು ಓಡಿಸುವ ಸಾಧನ), ಇಷ್ಟೇ. ಉಬುಂಟುವಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಹಾಕಿ ಗಿಟ್, ಮೇಕ್ ಮತ್ತು ‘ಪೈಥಾನ್3-ವೆನ್ವ್’ ಮೂರನ್ನೂ ತರಿಸಿ. ಕೊನೆಯದನ್ನು ಮರೆಯುವವರೇ ಜಾಸ್ತಿ. ಉಬುಂಟುವಿನಲ್ಲಿ ಅದು ಪೈಥಾನ್ ಜೊತೆ ತಾನಾಗಿ ಬರುವುದಿಲ್ಲ. ಪೈಥಾನ್ ತೀರಾ ಹಳೆಯದಾಗಿದ್ದರೂ ಕಷ್ಟ, ಸ್ಫಿಂಕ್ಸ್‌ನ ಹೊಸ ಆವೃತ್ತಿ ಅದರ ಮೇಲೆ ಕೂರುವುದಿಲ್ಲ. ವಿಂಡೋಸ್ ಇರುವವರಿಗೆ ಮೇಕ್ ಬೇಡ. ಅದರ ಬದಲು ಪೈಥಾನ್‌ನ ‘ಡಾಕ್’ ಫೋಲ್ಡರ್‌ನಲ್ಲೇ ‘ಮೇಕ್ ಡಾಟ್ ಬ್ಯಾಟ್’ ಎಂಬ ಫೈಲ್ ಇದೆ.

ಇನ್ನು ಸೋರ್ಸ್, ಅಂದರೆ ಮೂಲ ಫೈಲ್‌ಗಳನ್ನು ತರಬೇಕು. ಗಿಟ್‌ಹಬ್‌ನಲ್ಲಿ ‘ಸಿಪೈಥಾನ್’ ಯೋಜನೆಯನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿಕೊಳ್ಳಿ, ಅಂದರೆ ನಿಮ್ಮದೇ ಒಂದು ಪ್ರತಿ ಮಾಡಿಕೊಳ್ಳಿ. ಆಮೇಲೆ ಅದನ್ನು ಲ್ಯಾಪ್‌ಟಾಪ್‌ಗೆ ಇಳಿಸಲು ‘ಗಿಟ್ ಕ್ಲೋನ್’ ಹಾಕುವಾಗ ಎರಡು ಅಡ್ಡಗೆರೆ ಸೇರಿಸಿ ‘--ಡೆಪ್ತ್ 1’ ಎಂದೂ ಕೊಡಿ. ಸುಮ್ನೆ ಕ್ಲೋನ್ ಮಾಡಿದರೆ 1990ರಿಂದ ಈಚೆಗಿನ ಪ್ರತಿ ಬದಲಾವಣೆಯೂ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತವರ ಆ ದಿನದ ಡೇಟಾ ಅಲ್ಲಿಗೇ ಮುಗಿಯಬಹುದು. ಡೆಪ್ತ್ 1 ಕೊಟ್ಟರೆ ಈಗಿನ ರೂಪ ಮಾತ್ರ ಬರುತ್ತದೆ, ನಮಗೆ ಅಷ್ಟು ಸಾಕು.

ಕಟ್ಟುವ ಕೆಲಸ

ಸೋರ್ಸ್ ಒಳಗಿನ ‘ಡಾಕ್’ ಫೋಲ್ಡರ್‌ಗೆ ಹೋಗಿ. ಇದರ ಮೊದಲ ಅಕ್ಷರ ಮಾತ್ರ ದೊಡ್ಡದು, ಲಿನಕ್ಸ್‌ಗೆ ಆ ವ್ಯತ್ಯಾಸ ಮುಖ್ಯ. ಅಲ್ಲಿ ‘ಮೇಕ್ ವೆನ್ವ್’ ಎಂದು ಕೊಡಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಬಹಳ ಜನ ಸಿಕ್ಕಿಬೀಳುವುದು ಈ ಜಾಗದಲ್ಲೇ. ಸ್ಫಿಂಕ್ಸ್ ಬೇಕು ಅಂತ ನೇರವಾಗಿ ‘ಪಿಪ್ ಇನ್‌ಸ್ಟಾಲ್’ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಹೊಡೆದರೆ ಹೊಸ ಉಬುಂಟು ಒಪ್ಪುವುದಿಲ್ಲ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್’ ಎಂದು ತಡೆಯುತ್ತದೆ. ಆ ತಡೆಯನ್ನು ದಾಟುವ ಆಯ್ಕೆ ಇದೆ, ದಯವಿಟ್ಟು ಬಳಸಬೇಡಿ. ವ್ಯವಸ್ಥೆಯ ಎಷ್ಟೋ ಸಾಧನಗಳು ಅದೇ ಪೈಥಾನ್ ನಂಬಿಕೊಂಡಿವೆ. ಅಲ್ಲಿನ ಪ್ಯಾಕೇಜ್ ಕೆಟ್ಟರೆ ಬೇರೆಲ್ಲೋ ಏಟು ಬೀಳುತ್ತದೆ. ವೆನ್ವ್ ಅಂದರೆ ಈ ಯೋಜನೆಗೆ ಮಾತ್ರ ಸೇರಿದ ಬೇರೆಯೇ ಫೋಲ್ಡರ್. ಸ್ಫಿಂಕ್ಸ್ ಮತ್ತು ಪೈಥಾನ್ ತಾಣದ ಥೀಮ್ ಅದರೊಳಗೇ ಕೂರುತ್ತವೆ. ‘ರಿಕ್ವೈರ್ಮೆಂಟ್ಸ್’ ಫೈಲ್‌ನಲ್ಲಿ ಯಾವ ಆವೃತ್ತಿ ಬೇಕು ಅಂತ ಬರೆದಿರುತ್ತದೆ, ಅದೇ ಇಳಿಯುತ್ತದೆ. ಬೇಡವಾದರೆ ಫೋಲ್ಡರ್ ಅಳಿಸಿದರಾಯಿತು.

ಮುಂದೆ ‘ಮೇಕ್ ಎಚ್‌ಟಿಎಂಎಲ್’. ಹಳೆಯ ಲ್ಯಾಪ್‌ಟಾಪ್‌ ಆದರೆ ಮೊದಲ ಸಲ ಕೆಲವು ನಿಮಿಷ ಹಿಡಿಯುತ್ತದೆ, ಒಂದು ಚಾ ಕುಡಿದು ಬನ್ನಿ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಸೋರ್ಸ್‌ಗೆ ಏನೂ ಆಗಿರುವುದಿಲ್ಲ, ಮತ್ತೊಮ್ಮೆ ಅದೇ ಕಮಾಂಡ್ ಕೊಡಿ. ಮುಗಿದ ಮೇಲೆ ‘ಬಿಲ್ಡ್’ ಫೋಲ್ಡರ್, ಅದರೊಳಗಿನ ‘ಎಚ್‌ಟಿಎಂಎಲ್’, ಅಲ್ಲಿರುವ ಇಂಡೆಕ್ಸ್ ಫೈಲ್ ತೆರೆಯಿರಿ. ಇಂಟರ್ನೆಟ್‌ನಲ್ಲಿ ನೋಡುವ ಅದೇ ತಾಣ ಬ್ರೌಸರ್‌ನಲ್ಲಿ ಕಾಣುತ್ತದೆ.

ಈಗ ‘ಟ್ಯುಟೋರಿಯಲ್’ ಅಥವಾ ‘ಎಫ್‌ಎಕ್ಯೂ’ ಫೋಲ್ಡರ್‌ನಲ್ಲಿರುವ ಒಂದು ಆರ್‌ಎಸ್‌ಟಿ ಫೈಲ್ (ಸ್ಫಿಂಕ್ಸ್ ಓದುವ ಸಾದಾ ಪಠ್ಯದ ಫೈಲ್) ತೆಗೆದು, ಒಂದು ವಾಕ್ಯ ತಿದ್ದಿ, ಮತ್ತೆ ಮೇಕ್ ಮಾಡಿ. ಈ ಸಲ ಬೇಗ ಮುಗಿಯುತ್ತದೆ. ಬದಲಾದ ಪುಟ ಮತ್ತು ಅದಕ್ಕೆ ತಗಲಿಕೊಂಡವನ್ನು ಮಾತ್ರ ಸ್ಫಿಂಕ್ಸ್ ಹೊಸದಾಗಿ ಬರೆಯುತ್ತದೆ. ಇದರಿಂದ ಒಂದು ಎಡವಟ್ಟೂ ಉಂಟು. ಪುಟದ ಹೆಸರು ಬದಲಿಸಿದರೆ ಬೇರೆ ಪುಟಗಳ ಪಕ್ಕದ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿರಬಹುದು. ಆಗ ‘ಬಿಲ್ಡ್’ ಫೋಲ್ಡರ್ ಅಳಿಸಿ, ಮೊದಲಿನಿಂದ ಕಟ್ಟಿ. ‘ಮೇಕ್ ಕ್ಲೀನ್’ ಕೂಡ ಅದನ್ನೇ ಮಾಡುತ್ತದೆ, ಆದರೆ ಜೊತೆಗೆ ವೆನ್ವ್ ಕೂಡ ಹೋಗಿಬಿಡುತ್ತದೆ. ನೆಟ್ ಇಲ್ಲದ ದಿನ ಹಾಗೆ ಮಾಡಿದರೆ ಕೆಲಸ ಕೆಟ್ಟ ಹಾಗೆಯೇ ಮಾರಾಯ್ರೇ.

ಎಚ್ಚರಿಕೆಗಳನ್ನು ಓದಿ

ಬಿಲ್ಡ್ ಓಡುವಾಗ ‘ವಾರ್ನಿಂಗ್’ ಅಥವಾ ‘ಎರರ್’ ಎಂಬ ಸಾಲು ಬಂದರೆ ದಾಟಿಸಿ ಹೋಗಬೇಡಿ. ಫೈಲ್‌ನ ಹೆಸರು, ಸಾಲಿನ ಸಂಖ್ಯೆ ಎರಡನ್ನೂ ಅದು ಹೇಳುತ್ತದೆ. ‘ಅನ್‌ಡಿಫೈನ್ಡ್ ಲೇಬಲ್’ ಅಂದರೆ ನೀವು ಕೊಟ್ಟ ಒಳಕೊಂಡಿಗೆ ಗುರಿ ಇಲ್ಲ. ‘ಅನೆಕ್ಸ್‌ಪೆಕ್ಟೆಡ್ ಇಂಡೆಂಟೇಶನ್’ ಅಂದರೆ ಸಾಲಿನ ಮುಂದಿನ ಖಾಲಿ ಜಾಗ ಹೆಚ್ಚುಕಡಿಮೆ ಆಗಿದೆ. ‘ಟಾಕ್‌ಟ್ರೀಯಲ್ಲಿ ಸೇರಿಲ್ಲ’ ಎಂಬ ಅರ್ಥದ ಎಚ್ಚರಿಕೆ ಬಂದರೆ, ನೀವು ಬರೆದ ಹೊಸ ಪುಟ ಯಾವ ಪರಿವಿಡಿಯಲ್ಲೂ ಇಲ್ಲ, ಓದುಗರಿಗೆ ಅಲ್ಲಿಗೆ ದಾರಿಯೇ ಸಿಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ತೊಂದರೆ. ಆರ್‌ಎಸ್‌ಟಿಯಲ್ಲಿ ಶೀರ್ಷಿಕೆಯ ಕೆಳಗೆ ಸಮಚಿಹ್ನೆಗಳ ಗೆರೆ ಹಾಕಬೇಕು. ಅದು ಶೀರ್ಷಿಕೆಗಿಂತ ಗಿಡ್ಡ ಇರಬಾರದು. ‘ಉಡುಪಿ’ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು, ಯಾಕಂದರೆ ಕೊಂಬು ಮತ್ತು ಗುಡಿಸು ಬೇರೆಬೇರೆ ಎಣಿಕೆಗೆ ಬರುತ್ತವೆ. ಕಣ್ಣಳತೆಯಲ್ಲಿ ಮೂರೇ ಚಿಹ್ನೆ ಹಾಕಿದರೆ ಅದು ಶೀರ್ಷಿಕೆ ಎಂದೇ ಲೆಕ್ಕಕ್ಕೆ ಬರುವುದಿಲ್ಲ, ಸಾಮಾನ್ಯ ಪಠ್ಯವಾಗಿಬಿಡುತ್ತದೆ. ಧಾರಾಳವಾಗಿ ಎಳೆಯಿರಿ, ಉದ್ದವಾದರೆ ಯಾರೂ ಕೇಳುವುದಿಲ್ಲ. ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡುವವರು ಯೂನಿಕೋಡ್ ಆಯ್ಕೆ ಹಾಕಿಕೊಳ್ಳಿ.

ಬೇರೆ ಸಾಧನಗಳು

ಎಲ್ಲ ಯೋಜನೆಗಳೂ ಸ್ಫಿಂಕ್ಸ್ ಬಳಸುವುದಿಲ್ಲ. ಎಂಕೆಡಾಕ್ಸ್, ಡಾಕ್ಯುಸಾರಸ್, ಹ್ಯೂಗೋ, ಜೆಕಿಲ್ ಕೂಡ ತಾಣ ಕಟ್ಟುವ ಸಾಧನಗಳೇ. ಫೋಲ್ಡರ್ ನೋಡಿದರೆ ಗುರುತು ಸಿಗುತ್ತದೆ. ‘ಎಂಕೆಡಾಕ್ಸ್ ಡಾಟ್ ವೈಎಂಎಲ್’ ಇದ್ದರೆ ‘ಎಂಕೆಡಾಕ್ಸ್ ಸರ್ವ್’ ಹಾಕಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ (ಅಂದರೆ ನಿಮ್ಮದೇ ಲ್ಯಾಪ್‌ಟಾಪ್) 8000ನೇ ಪೋರ್ಟ್ ನೋಡಿ. ಡಾಕ್ಯುಸಾರಸ್ ಆದರೆ ನೋಡ್ ಜೆಎಸ್ ಬೇಕು, ಪೋರ್ಟ್ 3000. ಕುಬರ್ನೆಟಿಸ್ ತಾಣ ಹ್ಯೂಗೋದಲ್ಲಿದೆ, ಹ್ಯೂಗೋ ಪೋರ್ಟ್ 1313. ಜೆಕಿಲ್‌ನದು 4000. ಇವು ನೀವು ಫೈಲ್ ಉಳಿಸಿದ ತಕ್ಷಣ ಪುಟವನ್ನೂ ಬದಲಿಸುತ್ತವೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಪೋರ್ಟ್ ಬಳಕೆಯಲ್ಲಿದೆ ಎಂಬ ದೋಷ ಬಂದರೆ ಹೆಚ್ಚಾಗಿ ಹಳೆಯ ಟರ್ಮಿನಲ್‌ನಲ್ಲಿ ಸರ್ವರ್ ಇನ್ನೂ ಓಡುತ್ತಿರುತ್ತದೆ.

ಯಾವ ಸಾಧನವೇ ಇರಲಿ, ಮೊದಲು ಯೋಜನೆಯ ‘ಕಾಂಟ್ರಿಬ್ಯೂಟಿಂಗ್’ ಅಥವಾ ‘ರೀಡ್‌ಮಿ’ ಫೈಲ್ ಓದಿ. ಅಲ್ಲಿ ಹೇಳಿದ್ದೇ ಅಂತಿಮ.

ಕಳಿಸುವ ಮುನ್ನ ‘ಗಿಟ್ ಸ್ಟೇಟಸ್’ ಹಾಕಿ. ಪೈಥಾನ್ ಯೋಜನೆಯಲ್ಲಿ ‘ಬಿಲ್ಡ್’, ‘ವೆನ್ವ್’ ಫೋಲ್ಡರ್‌ಗಳನ್ನು ಗಿಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ನೀವು ತಿದ್ದಿದ ಫೈಲ್ ಮಾತ್ರ ಕಾಣಬೇಕು. ಇನ್ನೇನಾದರೂ ಕಂಡರೆ ಅದನ್ನು ಬಿಟ್ಟು ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿ. ಪೈಥಾನ್‌ಗೆ ಮೊದಲ ಸಲ ಕಳಿಸುವವರು ಒಂದು ಕೊಡುಗೆದಾರರ ಒಪ್ಪಂದಕ್ಕೆ ಆನ್‌ಲೈನ್‌ನಲ್ಲೇ ಸಹಿ ಹಾಕಬೇಕು. ಬರೀ ಸ್ಪೆಲ್ಲಿಂಗ್ ತಿದ್ದುವುದಾದರೆ ಬೇರೆ ಇಶ್ಯೂ (ತೊಂದರೆ ತಿಳಿಸುವ ದಾಖಲೆ) ತೆರೆಯಬೇಕಾಗಿಲ್ಲ. ಪುಲ್ ರಿಕ್ವೆಸ್ಟ್‌ನಲ್ಲಿ (ನಿಮ್ಮ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಏನು ತಿದ್ದಿದಿರಿ, ಯಾಕೆ ಅಂತ ಎರಡು ಸಾಲು ಬರೆಯಿರಿ. ಪುಟ ಮೊದಲು ಹೇಗಿತ್ತು, ಈಗ ಹೇಗಿದೆ ಎಂಬ ಎರಡು ಸ್ಕ್ರೀನ್‌ಶಾಟ್ ಹಾಕಿದರೆ ನೋಡುವವರ ಕೆಲಸ ಇನ್ನೂ ಸುಲಭವಾಗುತ್ತದೆ.