ಹಳೆ ಸೀರೆ ಬಿಸಾಕ್ಬೇಡ್ರಿ, ಕೌದಿ ಹೊಲಿಯೋದು ಹಿಂಗೆ

ಶನಿವಾರ ಮಧ್ಯಾಹ್ನ ದಾವಣಗೆರೆ ನಮ್ಮನೆ ಹಾಲ್‌ನಲ್ಲಿ ಸೋಫಾ ಗೋಡೆಗೆ ಸರಿಸಿಬಿಡ್ತೀವಿ, ಯಾಕಂದ್ರೆ ಕೌದಿಗೆ, ಅಂದ್ರೆ ಹಳೆ ಬಟ್ಟೆ ಪದರ ಪದರವಾಗಿ ಹಾಸಿ ಕೈಲಿ ಹೊಲಿಯೋ ಹೊದಿಕೆಗೆ, ಟೇಬಲ್ ಸಾಲಲ್ಲ, ನೆಲಾನೇ ಬೇಕು. ಐದಾರು ಜನ ಬರ್ತಾರೆ, ಯಾರ ಕೈಲಿ ಯಾವ ಕೆಲಸ ನಡೀತಿದ್ಯೋ ಅದನ್ನ ಹರಡ್ಕೊಂಡು ಕೂತ್ಕೋತಾರೆ. ಈ ವಾರ ಒಂದು ಕೌದಿ ಇನ್ನೂ ಬಟ್ಟೆ ಗಂಟಾಗೇ ಇತ್ತು, ಇನ್ನೊಂದು ಮುಗಿಯೋ ಹಂತಕ್ಕೆ ಬಂದಿತ್ತು, ಅದಕ್ಕೇ ಅವನ್ನೇ ಮುಂದೆ ಇಟ್ಕೊಂಡು ಹೇಳ್ತೀನಿ.

ಮೊದಲು ಬಟ್ಟೆ

ಹರಿಹರದಿಂದ ಬರೋ ಹುಡುಗಿ ಅಕ್ಕನ ಕೂಸಿಗೆ ಅಂತ ಮೂರಡಿ ಚದರದ್ದು ಶುರು ಮಾಡ್ತಿದಾಳೆ. ಕೂಸು ಹುಟ್ಟೋ ಮುಂಚೆ ಏನೂ ಹೊಲಿಬಾರದು ಅಂತ ಮನೇಲಿ ಗೊಣಗಾಟ, ಅದಕ್ಕೆ ಒಂದು ಮೂಲೆ ಹೊಲಿಯದೆ ಬಿಟ್ಟಿರ್ತೀನಿ ಅಂತ ತಾನೇ ದಾರಿ ಕಂಡ್ಕೊಂಡಿದಾಳೆ. ಅವಳ ಗಂಟಲ್ಲಿ ಒಂದು ಜಾರ್ಜೆಟ್ ದುಪಟ್ಟಾ ಇತ್ತು, ಬಣ್ಣ ಚೆಂದ ಇತ್ತು ನಿಜ, ಆದ್ರೆ ಜಗಳೂರು ಅಜ್ಜಿ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಇದು ಜಾರ್ತೈತಿ ಕಣವ್ವ, ಕೂಸಿನ ಬೆವರು ಕುಡಿಯಂಗಿಲ್ಲ" ಅಂದ್ರು. ಅಷ್ಟೇ ನಿಯಮ, ಕಾಟನ್ ಮಾತ್ರ, ಅದೂ ಉಟ್ಟು ಉಟ್ಟು ಮೆತ್ತಗಾಗಿದ್ದು. ಮೊಳಕಾಲ್ಮೂರು ರೇಷ್ಮೆ ಎಷ್ಟೇ ಹಳೇದಾಗಿದ್ರೂ ಇದಕ್ಕೆ ಸೇರಿಸ್ಬೇಡ್ರಿ, ಒಗೆಯೋವಾಗ ಅದರ ದಾರಿ ಬೇರೆ, ಕಾಟನ್ ದಾರಿ ಬೇರೆ.

ಬಟ್ಟೇನ ಎರಡೂ ಕೈಲಿ ಹಿಡಿದು ಜಗ್ಗಿ ನೋಡ್ರಿ, ಪೇಪರ್ ಥರ ಪರ್ ಅಂದ್ರೆ ಒಳಗಿನ ಪದರಕ್ಕೂ ಬೇಡ. ಫಾಲ್, ಹುಕ್ಕು, ಜರಿ ಅಂಚು ಬಿಚ್ಚಿ, ಒಗೆದು ಬಿಸಿಲಿಗೆ ಹಾಕಿ, ಗಂಜಿ ಮಾತ್ರ ಹಾಕ್ಬೇಡ್ರಿ, ಸೂಜಿ ಓಡಲ್ಲ. ಕೆಂಪು, ಕಡುನೀಲಿ ಇದ್ರೆ ಒದ್ದೆ ಬಿಳಿ ಬಟ್ಟೇಲಿ ಉಜ್ಜಿ ನೋಡ್ರಿ, ಬಣ್ಣ ಅಂಟಿದ್ರೆ ಅದನ್ನ ಕೌದಿಗೆ ಹಾಕೋದೇ ಬೇಡ.

ಹಾಸೋದು, ಕಚ್ಚಾ ಹೊಲಿಗೆ

ಲೆಕ್ಕ ಸುಲಭ. ಸೀರೆ ಉದ್ದ ಐದೂವರೆ ಮೀಟರ್, ಅಂದ್ರೆ ಹದಿನೆಂಟು ಅಡಿ, ಅಗಲ ಸುಮಾರು ಕಾಲಡಿ ಕಡಿಮೆ ನಾಲ್ಕಡಿ, ಮೂರು ಭಾಗ ಮಾಡಿ ಒಂದರ ಮೇಲೊಂದು ಹಾಸಿದ್ರೆ ಒಬ್ಬರು ಹೊದ್ಕೊಳ್ಳೋಕೆ ಆಗೋ ಆರಡಿ ಉದ್ದದ ಮೂರು ಪದರದ ಕೌದಿ ಒಂದೇ ಸೀರೇಲಿ ಆಗ್ತದೆ. ಹರಕು ಮುರುಕು ತುಂಡೆಲ್ಲ ನಡುವಿನ ಪದರಕ್ಕೆ. ಐದು ಪದರದವರೆಗೂ ಹೋಗಬಹುದು, ಅದಕ್ಕಿಂತ ಜಾಸ್ತಿ ಆದ್ರೆ ಬೆರಳು ಶಾಪ ಹಾಕ್ತವೆ. ಅಷ್ಟು ಚಳಿ ಆಗ್ತದೆ ಅನ್ನೋರು ಸುಮ್ನೆ ಚಳ್ಳಕೆರೆ ಕಂಬಳಿ ತಗೊಳ್ರಿ.

ನಿಟ್ಟುವಳ್ಳಿ ಅಕ್ಕನ ಕೌದಿ ಈಗ ಈ ಹಂತದಲ್ಲಿದೆ. ಕೆಳಗಿನ ಪದರ ಅವರ ಮಾವನ ಪಂಚೆ, ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಮಾವ ಹತ್ತಿ ಗಿರಣೀಲಿ ಇದ್ದೋರಂತೆ, ಆ ಪಂಚೆ ಮುಟ್ಟಿದ್ರೆ ಈಗ್ಲೂ ಬೆಣ್ಣೆ. ನಾಲ್ಕು ಮೂಲೆಗೂ ರುಬ್ಬೋ ಗುಂಡು, ಇಟ್ಟಿಗೆ, ಅಕ್ಕಿ ಡಬ್ಬಿ ಅಂತ ಏನು ಸಿಕ್ತೋ ಅದನ್ನ ಇಟ್ಟು ಬಿಗಿಯಾಗಿ ಎಳೆದಿದ್ರು. ಅಂಗೈಲಿ ನಡುವಿಂದ ಹೊರಕ್ಕೆ ಸವರಿ ಸುಕ್ಕು ತೆಗೀರಿ, ಆಮೇಲೆ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಬೇರೆ ಬಣ್ಣದ ದಾರದಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕ್ರಿ, ಕೊನೆಗೆ ಬಿಚ್ಚೋದೇ ಅದು.

ನಾನು ನನ್ನ ಮೊದಲ ಕೌದೀಲಿ ಇದೆಲ್ಲ ಯಾರು ಮಾಡ್ತಾರೆ ಅಂತ ಸೀದಾ ಅಂಚಿಂದ ಹೊಲಿಯೋಕೆ ಕೂತೆ. ಪ್ರತಿ ಸುತ್ತಿಗೂ ಮೇಲಿನ ಬಟ್ಟೆ ಒಂದೊಂದು ನೂಲು ಒಳಕ್ಕೆ ಸರೀತಾ ಸರೀತಾ, ನಡುವಿಗೆ ಬರೋ ಹೊತ್ತಿಗೆ ಪೂರಿ ಉಬ್ಬಿದಂಗೆ ಉಬ್ಬಿತ್ತು. ಕತ್ತರಿ ಹಾಕಿ ಮಡಚಿ ತ್ಯಾಪೆ ಹಚ್ಚಿದೆ, ಈಗ ಅದು ಸ್ಕೂಟರ್ ಮೇಲೆ ಹೊದಿಸೋಕೆ ಇದೆ.

ಹೊಲಿಗೆ

ದಪ್ಪ ಕಾಟನ್ ದಾರ ಎರಡೆಳೆ ಮಾಡ್ಕೊಳ್ರಿ, ಒಂದು ತೋಳಿನಷ್ಟು ಉದ್ದ ಸಾಕು, ಆಸೆಗೆ ಉದ್ದ ತಗೊಂಡ್ರೆ ಗಂಟು ಬೀಳ್ತದೆ. ಮೇಣದ ಬತ್ತಿಗೆ ಒಂದ್ಸಲ ಉಜ್ಜಿದ್ರೆ ಜಾರಿ ಓಡ್ತದೆ. ನಮ್ಮಲ್ಲಿರೋ ರಿಟೈರ್ಡ್ ಗಣಿತದ ಟೀಚರ್ರು ತಮ್ಮ ಕೌದಿಗೆ ಲೆಕ್ಕ ಹಾಕಿದಾರೆ, ಸಾಲಿಂದ ಸಾಲಿಗೆ ಒಂದು ಇಂಚು ಬಿಟ್ರೂ ಆರಡಿ ಕೌದೀಲಿ ಹೊಲಿಗೆಯೇ 82 ಮೀಟರ್ ಓಡ್ತದೆ, ಎರಡೆಳೆ ಅಂದ್ರೆ ಹತ್ತಿರ ಹತ್ತಿರ 165, ಬಟ್ಟೆ ಮೇಲೆ ಕೆಳಗೆ ಹೋಗೋದು, ಗಂಟಿಗೆ ಹೋಗೋದು ಎಲ್ಲ ಸೇರಿ 200 ಮೀಟರ್ ದಾರ ಇಟ್ಕೊಂಡೇ ಕೂರ್ರಿ, ಅರ್ಧಕ್ಕೆ ಮುಗಿದ್ರೆ ಅದೇ ಬಣ್ಣ ಮತ್ತೆ ಸಿಗಲ್ಲ.

ಅಂಚನ್ನ ಅರ್ಧ ಇಂಚು ಒಳಕ್ಕೆ ಮಡಚಿ, ಹೆಬ್ಬೆರಳ ಉಗುರಲ್ಲಿ ಗೀರಿ, ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಬನ್ನಿ, ಮತ್ತೆ ಒಂದಿಂಚು ಒಳಗೆ ಇನ್ನೊಂದು ಸುತ್ತು, ಹಂಗೇ ನಡುವಿನ ತನಕ. ಸಾದಾ ಓಟದ ಹೊಲಿಗೆ, ಸೂಜೀಲಿ ಮೂರ್ನಾಲ್ಕು ಹೊಲಿಗೆ ಒಟ್ಟಿಗೆ ಎತ್ತಿ ಎಳೀಬೇಕು. ದಾರ ಜಾಸ್ತಿ ಬಿಗಿ ಬೇಡ. ಟೀಚರ್ರ ಸಾಲು ಸ್ಕೇಲ್ ಇಟ್ಟಂಗೆ ಇರ್ತವೆ, ಅಜ್ಜಿಯವು ಸೊಟ್ಟ ಸೊಟ್ಟ, ನನಗೆ ಅಜ್ಜಿಯವೇ ಇಷ್ಟ.

ಬಣ್ಣದ ತುಂಡು ಹಚ್ಚೋರು ಹಿಂಗೇ ಅಂಚಿಂದ ಒಳಕ್ಕೆ ಹೋಗ್ತಾ ಒಂದೊಂದೇ ತ್ಯಾಪೆ ಮಡಚಿಟ್ಟು ಅದೇ ಹೊಲಿಗೇಲಿ ಸೇರಿಸ್ಕೊಂಡು ಹೋಗಬಹುದು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಣ್ಮಕ್ಕಳು ಹೊಲಿಯೋದೂ ಹಿಂಗೇ, ಅವರು ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಡ್ತಾರೆ. ಹರಿಹರದ ಹುಡುಗಿ ಕೂಸಿನ ಕೌದಿಗೆ ಅದನ್ನೇ ಮಾಡ್ತೀನಿ ಅಂತಿದಾಳೆ, ಹೊಲಿಯದೆ ಬಿಟ್ಟ ಮೂಲೆಗೆ ಹೂವು ಹೆಂಗಿಡ್ತಾಳೋ ನೋಡ್ಬೇಕು.

ಮುಗಿದ ಮೇಲೆ ಕಚ್ಚಾ ದಾರ ಬಿಚ್ಚಿ ತಣ್ಣೀರಲ್ಲಿ ಒಮ್ಮೆ ಒಗೀರಿ. ಹಿಂಡ್ಬೇಡ್ರಿ, ಹೊಲಿಗೆ ಕಿತ್ತು ಬರ್ತದೆ, ಇಬ್ಬರು ಹಿಡಿದು ಟೆರೇಸ್ ಗೋಡೆ ಮೇಲೆ ಹಾಕಿ ನೀರು ತಾನೇ ಇಳೀಲಿ.

ಆದ್ರೆ ಅದಕ್ಕೂ ಮುಂಚೆ ನಡುವಿನ ಕೊನೆ ತ್ಯಾಪೆ ಮುಚ್ಚೋವಾಗ ಅಜ್ಜಿ ಒಳಗೆ ನಾಲ್ಕು ಅಕ್ಕಿಕಾಳು ಹಾಕಿಸ್ತಾರೆ, ಕೌದಿ ಹೊಟ್ಟೆ ಖಾಲಿ ಇರಬಾರದಂತೆ. ಒಗೆದ್ರೆ ಅಕ್ಕಿ ಏನಾಗ್ತದೆ ಅಜ್ಜಿ ಅಂತ ಟೀಚರ್ರು ಕೇಳಿದ್ರು, ಉತ್ತರ ಬರಲಿಲ್ಲ. ಟೀಚರ್ರ ಕೌದಿಗೆ ಇನ್ನೂ ಎರಡು ಸುತ್ತು ಬಾಕಿ ಇದೆ, ಅಜ್ಜಿ ಆಗ್ಲೇ ಸೆರಗಿನ ತುದಿಗೆ ಅಕ್ಕಿ ಕಟ್ಕೊಂಡು ಬಂದಿದ್ರು.